ಒಂದು ಜಿಬಿಗೆ ನಿಂತ ಮಾತು

ಅವಳು ಬಂದದ್ದು ಗುರುವಾರ ಎಂದು ಮೊದಲು ಬರೆದಿದ್ದೆ. ಹೊಡೆದುಹಾಕಿದೆ. ನನ್ನ ನೋಟ್‌ಬುಕ್ಕಿನಲ್ಲಿ ಬುಧವಾರ ಎಂದಿದೆ. ಆ ನೋಟ್‌ಬುಕ್ಕನ್ನೂ ಪೂರ್ತಿ ನಂಬುವಂತಿಲ್ಲ. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ. ಸದ್ಯಕ್ಕೆ ಬುಧವಾರ ಎಂದೇ ಇಟ್ಟುಕೊಳ್ಳೋಣ.

ಆಗ ಹೊಳಲ್ಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಮೊದಲ ಮಹಡಿಯ ಒಂದೇ ಕೋಣೆಯಲ್ಲಿ, ನಾನು ಕಂಪ್ಯೂಟರ್ ರಿಪೇರಿಯ ಅಂಗಡಿ ನಡೆಸುತ್ತಿದ್ದೆ. ಮನೆ ಚಿತ್ರದುರ್ಗದಲ್ಲಿ. ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ಬಂದು ಸಂಜೆ ಆರೂವರೆಯ ಬಸ್ಸಿಗೆ ಹೋಗುವುದು. ಕತೆ ಬರೆಯುತ್ತಿದ್ದದ್ದೂ ಬಸ್ಸಿನಲ್ಲೇ. ನನ್ನ ಕತೆಗಳಲ್ಲಿ ಹಿಂದಿನದು ಮುಂದೆ ಮುಂದಿನದು ಹಿಂದೆ ಇರುತ್ತದೆ, ಏನೂ ಕೈಗೆ ಸಿಗುವುದಿಲ್ಲ ಎಂದು ಓದಿದ ನಾಲ್ಕೈದು ಜನ ಹೇಳುತ್ತಿದ್ದರು. ಈ ಸಂಗತಿಯನ್ನು ಮಾತ್ರ ಆದ ಕ್ರಮದಲ್ಲೇ ಬರೆಯಲು ನೋಡುತ್ತೇನೆ. ಕ್ರಮ ತಪ್ಪಿಸಿದರೆ ನನ್ನ ತಪ್ಪು ಮರೆಯಾಗುವ ಸಾಧ್ಯತೆ ಇದೆ.

ಅವಳನ್ನು ಕರೆದುಕೊಂಡು ಬಂದದ್ದು ಪಕ್ಕದ ರಸ್ತೆಯ ಫೋಟೋ ಸ್ಟುಡಿಯೋದವನು. ಮೆಟ್ಟಿಲು ಹತ್ತುವಾಗಲೇ ಅವನ ದನಿ ಮೇಲೆ ಬರುತ್ತಿತ್ತು.

"ಮೇಡಮ್ಮೋರೇ, ಒಂದ್ ಸಣ್ಣ ಕೆಲ್ಸ ಐತೆ."

"ನಿನ್ನ ಸಣ್ಣ ಕೆಲಸ ನಂಗೆ ಗೊತ್ತಪ್ಪ. ಹೋದ್ ಸಲದ್ದು ಮೂರು ದಿನ ತಗಂತು."

"ಇದು ನಂದಲ್ರೀ, ಈಯಮ್ಮಂದು. ಕುಂತ್ಕಳ್ಳವ್ವ, ಕುಂತ್ಕ."

ಅವಳಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ತವರು ಹೊಸದುರ್ಗ ಕಡೆಯ ಮತ್ತೋಡು, ಗಂಡನ ಮನೆ ಹಿರಿಯೂರು. ಮದುವೆಯಾಗಿ ಎರಡು ತಿಂಗಳೂ ಆಗಿರಲಿಲ್ಲ. ಅಪ್ಪ ತೀರಿಕೊಂಡು ಮೂರು ವಾರ ಆಗಿತ್ತು. ಅವರು ಹೊಸದುರ್ಗ–ಚಿತ್ರದುರ್ಗದ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನಾನು ಅದೇ ದಾರಿಯಲ್ಲಿ ವರ್ಷಗಟ್ಟಲೆ ಓಡಾಡಿದವಳು. ಅವರ ಕೈಯಿಂದ ಟಿಕೆಟ್ ತೆಗೆದುಕೊಂಡಿರಬಹುದು. ತೆಗೆದುಕೊಂಡಿದ್ದೆ ಎಂದು ಬರೆಯಲು ಕೈ ಹೋಗುತ್ತದೆ. ಆದರೆ ಗೊತ್ತಿಲ್ಲ.

ಅವಳಿಗೆ ಬೇಕಾಗಿದ್ದದ್ದು ಇಷ್ಟು. ಧಾರೆ ಮುಗಿದ ಮೇಲೆ ಸ್ಟುಡಿಯೋದವನು, ಎಲ್ಲ ಮದುವೆಯಲ್ಲೂ ಮಾಡುವಂತೆ, ಅಪ್ಪನನ್ನು ಕ್ಯಾಮೆರಾ ಮುಂದೆ ನಿಲ್ಲಿಸಿ, ಮಗಳಿಗೆ ಎರಡು ಮಾತು ಹೇಳಿ ಎಂದಿದ್ದ. ಅಪ್ಪ ಹೇಳಿದ್ದರು. ಅವಳು ಪಕ್ಕದಲ್ಲೇ ನಿಂತಿದ್ದಳು.

"ಅಪ್ಪ ನಂಗೆ ಒಂದ್ ಮಾತು ಹೇಳಿದ್ದ ಮೇಡಂ. ಅದು ಬೇಕು."

"ನಿಮಗೆ ನೆನಪಿಲ್ವಾ?"

"ನೆನಪೈತೆ. ಆದ್ರೆ ನಂಬಕಾಗಲ್ಲ. ದಿನಾ ನೆನಸ್ಕಂಡೂ ನೆನಸ್ಕಂಡೂ ನಾನೇ ಕಟ್ಕಂಡಂಗೆ ಆಗೈತೆ."

ನೆನಪನ್ನು ನಂಬದಿರುವುದು ನನ್ನ ಬರವಣಿಗೆಯ ಚಟ. ಅದನ್ನು ಹೀಗೆ ಒಂದು ಅಗತ್ಯವಾಗಿ, ನೀರು ಕೇಳಿದಂತೆ, ಯಾರೂ ನನ್ನ ಮುಂದೆ ಹೇಳಿರಲಿಲ್ಲ. ಏನು ಮಾತು ಎಂದು ನಾನು ಕೇಳಲಿಲ್ಲ.

ಮದುವೆಯ ಸಿನಿಮಾ ಅವಳ ಹತ್ತಿರ ಇತ್ತು. ಎರಡು ಗಂಟೆಯದ್ದು. ಅದರಲ್ಲಿ ಅಪ್ಪ ಬರುವುದು ಒಂಬತ್ತು ಸೆಕೆಂಡು, ನಿಧಾನ ಚಲನೆಯಲ್ಲಿ. ತುಟಿ ಅಲುಗಾಡುತ್ತದೆ, ಮೇಲೆ ಸಿನಿಮಾ ಹಾಡು ಓಡುತ್ತದೆ. ಈಗಿನ ಮದುವೆ ವಿಡಿಯೋಗಳೆಲ್ಲ ಹೀಗೆಯೇ. ಜನರ ಮಾತನ್ನು ಪೂರ್ತಿ ತೆಗೆದು ಹಾಡು ತುಂಬುತ್ತಾರೆ.

"ಒರಿಜಿನಲ್ ಎಲ್ಲಿ?" ಎಂದೆ ಸ್ಟುಡಿಯೋದವನಿಗೆ.

"ಎಲ್ಲಿ ಇರ್ತದೆ? ನಮ್ತಾವ ಇರೋದೇ ನಾಕು ಕಾರ್ಡು. ಒಂದ್ ಮುಹೂರ್ತ ಮುಗೀತಿದ್ದಂಗೆ ಎಡಿಟಿಂಗ್ ಮನೆಗೆ ಕಳ್ಸೋದು, ಕಾರ್ಡ್ ಒರೆಸೋದು, ಇನ್ನೊಂದ್ ಮುಹೂರ್ತಕ್ಕೆ ಓಡೋದು. ಯಾರೂ ಒರಿಜಿನಲ್ ಕೇಳಿದ್ದೇ ಇಲ್ಲ ಕಣ್ರಿ ಇಲ್ಲೀ ತಂಕ."

"ನೀನೇ ಕ್ಯಾಮೆರಾ ಹಿಂದೆ ಇದ್ದೆಯಲ್ಲ. ಅವರು ಏನಂದ್ರು?"

"ವರ್ಷಕ್ಕೆ ನೂರು ಅಪ್ಪಂದಿರು ಮೇಡಮ್ಮೋರೇ. ಯಾರ್ದು ಏನು ಅಂತ ಇಟ್ಕಳ್ಲಿ?"

ಎಡಿಟಿಂಗ್ ಮನೆ ದೂರದ ಊರಿನಲ್ಲಿತ್ತು. ಅವರ ಸರ್ವರಿನಲ್ಲಿ ಮೂಲ ಫೈಲುಗಳು ಇನ್ನೂ ಇದ್ದವು. ಮುಂದಿನ ಗುರುವಾರ ಸಂಜೆ ಆರಕ್ಕೆ ತಾವಾಗಿಯೇ ಅಳಿದುಹೋಗುತ್ತವೆ, ಅದನ್ನು ಮುಂದೂಡಲು ಬರುವುದಿಲ್ಲ, ಅಷ್ಟರಲ್ಲಿ ಇಳಿಸಿಕೊಳ್ಳಿ ಎಂದು ಒಂದು ಹೆಸರು, ಒಂದು ಪಾಸ್‌ವರ್ಡ್ ಕೊಟ್ಟಿದ್ದರು. ಇಳಿಸಬೇಕಾದ ಬಗೆ ಸುರಕ್ಷಿತ ವರ್ಗಾವಣೆ. ಎಂದರೆ ಎರಡು ಕಡೆಯ ಯಂತ್ರಗಳು ಮೊದಲು ತಮ್ಮೊಳಗೆ ಒಂದು ಗುಟ್ಟಿನ ಕೀಲಿಯನ್ನು ಒಪ್ಪಿಕೊಳ್ಳುತ್ತವೆ. ಆಮೇಲೆ ಫೈಲನ್ನು ಆ ಕೀಲಿಯಿಂದ ಬೀಗ ಹಾಕಿದ ತುಂಡುಗಳಾಗಿ ಕಳಿಸುತ್ತವೆ. ನನ್ನ ಹತ್ತಿರ ಅದಕ್ಕೊಂದು ಪ್ರೋಗ್ರಾಂ ಇತ್ತು. ಅಂಗಡಿ ತೆರೆದ ದಿನದಿಂದ ಇದ್ದದ್ದು, ಕೈಗೆ ಒಗ್ಗಿದ್ದು.

ಪಟ್ಟಿ ತೆರೆದಾಗ ಐವತ್ತಾರು ಫೈಲು ಕಂಡವು. ಬರೀ ನಂಬರು. ಸ್ಟುಡಿಯೋದವನು ಬೆರಳಿಟ್ಟು ಹೇಳಿದ: "ಮೂವತ್ತೊಂದು. ಅವತ್ತು ಧಾರೆಯಿಂದ ಊಟದ ಪಂಕ್ತಿ ತಂಕ ಕ್ಯಾಮೆರಾ ನಿಲ್ಸೇ ಇಲ್ಲ. ಒಂದೇ ಉದ್ದಕೆ ಬಿಟ್ಟಿದ್ದೆ." ಮೂವತ್ತೊಂದು ಎರಡು ಜಿಬಿ ಇತ್ತು. ಒಂದೇ ಒಂದು ಫೈಲು, ಎಂಟು ದಿನ ಸಮಯ. ಸಂಜೆಯೊಳಗೆ ಕೊಡುತ್ತೇನೆ ಎಂದೆ. ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತಳು.

ಅರ್ಧ ಗಂಟೆ ಬಂದು ಸಂಪರ್ಕ ಕಡಿದುಹೋಯಿತು. ಮತ್ತೆ ಹಾಕಿದೆ. ಮೊದಲಿಂದ ಶುರುವಾಯಿತು. ಅರ್ಧಕ್ಕೆ ನಿಂತದ್ದನ್ನು ಅಲ್ಲಿಂದಲೇ ಮುಂದುವರಿಸುವ ಅನುಕೂಲ ಆ ಪ್ರೋಗ್ರಾಮಿನಲ್ಲಿ ಇತ್ತು. ನಾನೇ ಅದನ್ನು ಆರಿಸಿಟ್ಟಿದ್ದೆ. ಹಿಂದೊಮ್ಮೆ ಹಾಗೆ ಮುಂದುವರಿದ ಫೈಲು ನಡುವೆ ಕೆಟ್ಟುಬಂದು, ಗಿರಾಕಿಯೊಬ್ಬರ ಕೈಯಲ್ಲಿ ಬೈಸಿಕೊಂಡಿದ್ದೆ. ಎರಡನೆಯ ಸಲ ಇಪ್ಪತ್ತು ನಿಮಿಷಕ್ಕೇ ಕಡಿಯಿತು. ಮೂರನೆಯ ಸಲ ನಲವತ್ತು ನಿಮಿಷ ಬಂತು. ಸಣ್ಣದೊಂದು ಫೈಲು ಹಾಕಿ ನೋಡಿದೆ, ಅದು ಸಲೀಸಾಗಿ ಬಂತು. ಹಾಗಾದರೆ ಸರ್ವರಿನ ತೊಂದರೆ ಅಲ್ಲ, ನಮ್ಮ ಕಡೆಯ ಲೈನಿನದ್ದೇ ಎಂದು ತೀರ್ಮಾನಿಸಿದೆ. ಅಲ್ಲಿಯವರೆಗೆ ತಪ್ಪು ಅಷ್ಟೇನೂ ದೊಡ್ಡದಲ್ಲ.

ನಮ್ಮ ಬೀದಿಗೆ ಇಂಟರ್ನೆಟ್ ಬರುತ್ತಿದ್ದದ್ದು ಮೇಲಿನ ಟೆರೇಸಿನ ಒಂದು ಸಣ್ಣ ಡಿಶ್ಶಿನಿಂದ. ಅದು ದೂರದ ಗುಡ್ಡದ ಟವರಿಗೆ ಮುಖ ಮಾಡಿ ನಿಂತಿತ್ತು. ಆ ಗುಡ್ಡದ ಸಾಲಿನ ತುಂಬ ಗಾಳಿಯಂತ್ರಗಳು, ಇಲ್ಲಿಯವರ ಬಾಯಲ್ಲಿ ಫ್ಯಾನುಗಳು. ಆ ಬೇಸಿಗೆಗೆ ಹೊಸದೊಂದು ಫ್ಯಾನು ಎದ್ದಿತ್ತು. ನಾಲ್ಕನೆಯ ಸಲ ಸಂಪರ್ಕ ಕಡಿದಾಗ ತಲೆಬಿಸಿಯಾಗಿ ಟೆರೇಸಿಗೆ ಹತ್ತಿದೆ. ಡಿಶ್ಶಿನ ಹಿಂದೆ ಬಗ್ಗಿ ನೋಡಿದರೆ ಹೊಸ ಫ್ಯಾನು ಸರಿಯಾಗಿ ಟವರಿನ ನೇರಕ್ಕೆ ತಿರುಗುತ್ತಿತ್ತು. ಒಂದು ರೆಕ್ಕೆ ಟವರನ್ನು ಮುಚ್ಚುವುದು, ತೆರೆಯುವುದು, ಇನ್ನೊಂದು ಬಂದು ಮುಚ್ಚುವುದು.

ಆ ಕ್ಷಣ ನನಗಾದದ್ದು ಸಂತೋಷ. ಇದನ್ನು ಒಪ್ಪಿಕೊಳ್ಳಲೇಬೇಕು. ಸತ್ತ ಮನುಷ್ಯನ ದನಿ ಗಾಳಿಯಲ್ಲಿ ಬರುತ್ತಿದೆ, ಗಾಳಿಯಿಂದಲೇ ತಿರುಗುವ ರೆಕ್ಕೆ ಅದನ್ನು ಕತ್ತರಿಸುತ್ತಿದೆ! ಬರೆಯುವವಳಿಗೆ ಇದಕ್ಕಿಂತ ಚೆಂದದ ಕಾರಣ ಎಲ್ಲಿ ಸಿಗಬೇಕು? ಓಡಿ ಇಳಿದು ಬಂದು ಅವರಿಬ್ಬರಿಗೂ ಹೇಳಿದೆ.

ಸ್ಟುಡಿಯೋದವನು ತೊಡೆ ತಟ್ಟಿಕೊಂಡ. "ನಾ ಅಂದಿರ್ಲಿಲ್ವಾ? ಆ ಫ್ಯಾನುಗಳು ಬಂದಾಗಿಂದ ಮೋಡನೂ ನಿಲ್ಲಲ್ಲ, ಓಡಿಸ್ಬಿಡ್ತವೆ. ಇನ್ನು ನಿಮ್ಮ ನೆಟ್ಟು ಯಾವ ಲೆಕ್ಕ!"

ಫ್ಯಾನು ಮೋಡ ಓಡಿಸುತ್ತದೆ ಎನ್ನುವ ಮಾತು ನಮ್ಮ ಕಡೆ ಹಳೆಯದು. ಕಾಲೇಜಿನ ಪತ್ರಿಕೆಯಲ್ಲಿ ಅದನ್ನು ಹಾಸ್ಯ ಮಾಡಿ ನಾನು ಎರಡು ಪುಟ ಬರೆದಿದ್ದೆ. ಅದು ನೆನಪಾಗಬೇಕಿತ್ತು. ಆಗಲಿಲ್ಲ.

ಅವಳು ಮಾತ್ರ ಕೇಳಿದಳು: "ಬೇರೆ ಕಡೆ ಎಲ್ಲಾದ್ರೂ ಇಳಿಸ್ಬೋದಾ ಮೇಡಂ? ದುರ್ಗದಲ್ಲಿ?"

ಸರಳವಾದ, ಸರಿಯಾದ ಪ್ರಶ್ನೆ. ನನ್ನದೇ ಮನೆ ದುರ್ಗದಲ್ಲಿದೆ. ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ ನಿಜ, ಆದರೆ ಕೇಳಿದರೆ ಕೊಡುವವರು ಹತ್ತು ಜನ ಇದ್ದರು. ನಾನು ಹೇಳಿದ್ದು: "ಬೇಡಮ್ಮ, ಕಾರಣ ಸಿಕ್ತಲ್ಲ. ಗಾಳಿ ನಿಂತಾಗ ಹಾಕಿದ್ರೆ ಆಯ್ತು."

ಅವಳು ಹಿರಿಯೂರಿಗೆ ಹೋದಳು. ನಾನು ಗಾಳಿ ನಿಲ್ಲುವುದನ್ನು ಕಾಯತೊಡಗಿದೆ.

ಇಲ್ಲಿಂದ ನೋಟ್‌ಬುಕ್ಕಿನ ವಿಷಯ. ಪ್ರತಿ ಸಲ ಕಡಿದಾಗಲೂ ಅದರಲ್ಲಿ ಬರೆದುಕೊಂಡೆ. ಗುರುವಾರ ಹನ್ನೊಂದು ಹತ್ತು, ಕಡಿಯಿತು, ಗಾಳಿ. ಮೂರು ನಲವತ್ತು, ಕಡಿಯಿತು, ಜೋರು ಗಾಳಿ. ಶುಕ್ರವಾರ ಒಂಬತ್ತು ಐವತ್ತು, ಕಡಿಯಿತು, ಗಾಳಿ. ಈಗ ಅದನ್ನು ಮುಂದಿಟ್ಟುಕೊಂಡು ನೋಡಿದರೆ ಒಂದು ವಿಷಯ ಚುಚ್ಚುತ್ತದೆ. ಶುಕ್ರವಾರ ನನಗೆ ಮಂಡಿನೋವು. ಆ ದಿನ ನಾನು ಟೆರೇಸಿಗೆ ಒಮ್ಮೆಯೂ ಹತ್ತಿಲ್ಲ. ಕಿಟಕಿಯಿಂದ ಗುಡ್ಡ ಕಾಣುವುದಿಲ್ಲ. ಆದರೂ ಗಾಳಿ ಎಂದು ಬರೆದಿದ್ದೇನೆ. ಸುಳ್ಳು ಬರೆಯಬೇಕೆಂದು ಬರೆದದ್ದಲ್ಲ. ಗಾಳಿ ಇದ್ದೇ ಇರುತ್ತದೆ ಎಂದು ಗೊತ್ತಿತ್ತು, ಅಷ್ಟೆ.

ಶನಿವಾರ ತುರುವನೂರಿನಲ್ಲಿ ನೆಂಟರ ಮನೆಯ ಗೃಹಪ್ರವೇಶ. ಹೋಗದಿದ್ದರೂ ನಡೆಯುತ್ತಿತ್ತು, ಹೋದೆ. ಹೋಳಿಗೆ ಚೆನ್ನಾಗಿತ್ತು. ಪಂಕ್ತಿಯಲ್ಲಿ ಕೂತು ಪಕ್ಕದವರಿಗೆಲ್ಲ ಫ್ಯಾನಿನ ಕತೆ ಹೇಳಿದೆ. ಎಲ್ಲರೂ ಕಣ್ಣರಳಿಸಿ ಕೇಳಿದರು. ಹೇಳುತ್ತಾ ಹೇಳುತ್ತಾ ಕತೆ ಇನ್ನಷ್ಟು ಗಟ್ಟಿಯಾಯಿತು. ಭಾನುವಾರ ಅಂಗಡಿ ರಜ.

ಅಂಗಡಿ ಮುಚ್ಚುವಾಗ ಯಂತ್ರ ಓಡಲು ಬಿಟ್ಟುಹೋಗಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ನಮ್ಮ ಬೀದಿಯಲ್ಲಿ ಬಾಗಿಲು ಹಾಕುವ ಮೊದಲು ಎಲ್ಲರೂ ಮೇನ್ ಸ್ವಿಚ್ ಇಳಿಸುತ್ತಾರೆ. ಒಮ್ಮೆ ಬಟ್ಟೆ ಅಂಗಡಿಯೊಂದು ಹೊತ್ತಿಕೊಂಡ ಮೇಲೆ ಬಂದ ಅಭ್ಯಾಸ. ಅದನ್ನು ಮುರಿಯುವ ಯೋಚನೆಯೇ ನನಗೆ ಬರಲಿಲ್ಲ.

ಸೋಮವಾರ ಅವಳ ಫೋನು. "ಬಂತಾ ಮೇಡಂ?"

"ಗಾಳಿ ಜಾಸ್ತಿ ಕಣಮ್ಮ. ಬರ್ತದೆ."

ಮಂಗಳವಾರ ಫೋನು. ಅದೇ ಮಾತು. ಬುಧವಾರ ಅವಳು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿದ್ದು, ಸದ್ಯ ಮಾಡಲಿಲ್ಲ ಎಂದು.

ಗುರುವಾರ ಬೆಳಿಗ್ಗೆ ಬಸ್ಸಿಳಿದಾಗ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಟೆರೇಸಿಗೆ ಹತ್ತಿ ನೋಡಿದೆ. ಸಾಲಿಗೆ ಸಾಲು ಫ್ಯಾನುಗಳು ನಿಂತುಬಿಟ್ಟಿದ್ದವು. ಇಳಿದು ಬಂದು ಮೂವತ್ತೊಂದನ್ನು ಹಾಕಿದೆ. ಸ್ಟುಡಿಯೋದವನು ಟೀ ತರಿಸಿದ. ಇಬ್ಬರೂ ಪರದೆಯ ಮುಂದೆ ಕೂತೆವು. ಇಪ್ಪತ್ತೈದು ನಿಮಿಷಕ್ಕೆ ಕಡಿಯಿತು.

"ಫ್ಯಾನು ನಿಂತೈತಲ್ರೀ?"

"ನಿಂತಿರೋದೇ ತೊಂದರೆ. ರೆಕ್ಕೆ ಟವರಿಗೆ ಅಡ್ಡ ನಿಂತ್ಬಿಟ್ಟಿದೆ."

ಅವನು ನನ್ನ ಮುಖವನ್ನೇ ನೋಡಿದ. "ತಿರುಗಿದ್ರೂ ಅದೇ, ನಿಂತ್ರೂ ಅದೇ? ಭಲೇ ಫ್ಯಾನು ಕಣ್ರಿ!"

ಆ ನಗುವಿನಲ್ಲಿ ಒಂದು ದಾರಿ ಇತ್ತು. ನಾನೂ ನಕ್ಕು, ಹೌದಲ್ಲ, ನಾನು ಹೇಳಿದ್ದರಲ್ಲಿ ಅರ್ಥವಿಲ್ಲ ಎಂದು ಅಂದೇ ಬೇರೆಯವರನ್ನು ಕೇಳಬಹುದಿತ್ತು. ಆರು ಗಂಟೆಗೆ ಇನ್ನೂ ಎಂಟು ಗಂಟೆ ಬಾಕಿ ಇತ್ತು. ನನಗೆ ಸಿಟ್ಟು ಬಂತು. ಮತ್ತೆ ಹಾಕಿದೆ, ಮತ್ತೆ, ಮತ್ತೆ. ಐದು ಗಂಟೆಯ ಹೊತ್ತಿಗೆ ಕೊನೆಯ ಸಲ ಹಾಕಿದ್ದು ಐದೂಮುಕ್ಕಾಲಿಗೆ ಕಡಿಯಿತು. ಆರಾದ ಮೇಲೆ ಪಟ್ಟಿ ತೆರೆದೆ. ಖಾಲಿ.

ಅವಳಿಗೆ ನಾನು ಫೋನ್ ಮಾಡಲಿಲ್ಲ. ಸ್ಟುಡಿಯೋದವನಿಂದ ಮಾಡಿಸಿದೆ. ಅವನು ಫ್ಯಾನಿನ ಕಾರಣ ಹೇಳುವುದು ಕೇಳಿಸಿತು. ಆ ಕಡೆಯಿಂದ ಏನು ಬಂತೋ, ಇವನು "ಹೂಂ, ಹೂಂನವ್ವ" ಎಂದು ಫೋನ್ ಇಟ್ಟ.

ಒಂದು ತಿಂಗಳ ನಂತರ ಹೊಸದುರ್ಗದ ಒಂದು ಕ್ಲಿನಿಕ್ಕಿನ ದಾಖಲೆಗಳನ್ನು ಬೇರೊಂದು ಸರ್ವರಿನಿಂದ ಇಳಿಸುವ ಕೆಲಸ ಬಂತು. ಅಲ್ಲಿಗೇ ಹೋಗಿ ಅವರ ಕಂಪ್ಯೂಟರಿಗೆ ನನ್ನ ಅದೇ ಪ್ರೋಗ್ರಾಂ ಹಾಕಿ ಶುರು ಮಾಡಿದರೆ ಹಾಗೆಯೇ ಕಡಿಯತೊಡಗಿತು. ಕ್ಲಿನಿಕ್ಕಿನವರು ಸರ್ವರ್ ನೋಡಿಕೊಳ್ಳುವ ಹೆಂಗಸಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು.

"ಎಷ್ಟಕ್ಕೆ ನಿಲ್ತದ್ರೀ?" ಎಂದಳು.

"ಇಪ್ಪತ್ತು ನಿಮಿಷ. ಒಮ್ಮೊಮ್ಮೆ ನಲವತ್ತು."

"ಟೈಮ್ ಅಲ್ರೀ. ಎಷ್ಟು ಬಂದ್ಮೇಲೆ ನಿಲ್ತದೆ?"

ನೋಡಿದೆ. ಒಂದು ಜಿಬಿ. ಹಿಂದಿನ ಸಲ? ಒಂದು ಜಿಬಿ.

"ಯಾವ ಕಾಲದ ಪ್ರೋಗ್ರಾಂ ಇಟ್ಕಂಡಿದೀರ್ರಿ ನೀವು?" ಅವಳು ನಕ್ಕಳು. ಆಮೇಲೆ ವಿವರಿಸಿದಳು. ಭದ್ರತೆಗಾಗಿ ಇಂತಿಷ್ಟು, ಸಾಮಾನ್ಯವಾಗಿ ಒಂದು ಜಿಬಿ, ಸಾಗಿಸಿದ ಮೇಲೆ ಎರಡೂ ಕಡೆಯ ಯಂತ್ರಗಳು ಹಳೆಯ ಕೀಲಿ ಬಿಟ್ಟು ಹೊಸ ಕೀಲಿ ಒಪ್ಪಿಕೊಳ್ಳುತ್ತವೆ. ನನ್ನ ಹಳೆಯ ಪ್ರೋಗ್ರಾಮಿಗೆ ಈಗಿನ ಸರ್ವರುಗಳ ಜೊತೆ ಅದನ್ನು ಸರಿಯಾಗಿ ಮಾಡಲು ಬರುವುದಿಲ್ಲ. ಕೀಲಿ ಬದಲಿಸುವ ಹೊತ್ತಿಗೆ ಸರ್ವರ್ ಅನುಮಾನಪಟ್ಟು ಬಾಗಿಲು ಹಾಕುತ್ತದೆ. ಹೊಸ ಆವೃತ್ತಿ ಹಾಕಿಕೊಳ್ಳಿ ಎಂದಳು. ಹಾಕಿಕೊಳ್ಳಲು ಹಿಡಿದದ್ದು ಹತ್ತು ನಿಮಿಷ. ಕ್ಲಿನಿಕ್ಕಿನ ಫೈಲು ಒಂದೇ ಸಲಕ್ಕೆ ಪೂರ್ತಿ ಬಂತು. ಹೊರಗೆ ಗಾಳಿ ಇತ್ತೋ ಇಲ್ಲವೋ ನೋಡಲಿಲ್ಲ.

ಹೊಳಲ್ಕೆರೆಗೆ ಮರಳಿ ಹಳೆಯ ಪ್ರೋಗ್ರಾಂ ತಾನಾಗಿಯೇ ಬರೆದಿಟ್ಟುಕೊಂಡಿದ್ದ ದಾಖಲೆ ತೆಗೆದೆ. ಆ ಎಂಟು ದಿನಗಳ ಪ್ರತಿ ಪ್ರಯತ್ನವೂ ಅದರಲ್ಲಿತ್ತು. ಲೈನು ಚುರುಕಾಗಿದ್ದಾಗ ಬೇಗ, ಮಂದವಾಗಿದ್ದಾಗ ನಿಧಾನ, ಆದರೆ ಪ್ರತಿ ಸಲವೂ ಅದೇ ಒಂದು ಜಿಬಿ. ಅಂಕಿ ಅಂಕಿಗೂ ಅದೇ. ನನ್ನ ಕಣ್ಣೆದುರಿನ ಪರದೆಯ ಕೆಳಗೇ ಇತ್ತು ಅದು, ನಾನು ನೋಡುತ್ತಿದ್ದದ್ದು ಗಡಿಯಾರ ಮತ್ತು ಗುಡ್ಡ.

ನನ್ನ ಡಿಸ್ಕಿನಲ್ಲಿ ಕೊನೆಯ ಪ್ರಯತ್ನದ ಅರ್ಧ ಫೈಲು ಉಳಿದಿತ್ತು. ಅರ್ಧ ಬಂದ ವಿಡಿಯೋ ಹಾಗೇ ತೆರೆಯುವುದಿಲ್ಲ. ಅದನ್ನು ಸರಿಮಾಡುವುದನ್ನು ಕಲಿಯಲು ನಾಲ್ಕು ದಿನ ಹಿಡಿಯಿತು. ಕೊನೆಗೆ ತೆರೆಯಿತು. ಧಾರೆ, ಅಕ್ಷತೆ, ಗಲಾಟೆ, ಯಾರದೋ ಚಪ್ಪಲಿ ಕಳೆದ ಜಗಳ. ಕೊನೆಯ ಅರ್ಧ ನಿಮಿಷದಲ್ಲಿ ಜನ ಒಬ್ಬರನ್ನು ಮುಂದಕ್ಕೆ ತಳ್ಳುತ್ತಾರೆ. ಅವರು ಹೆಗಲ ಟವೆಲ್ ತೆಗೆದು ಮಡಚಿ ಮತ್ತೆ ಹಾಕಿಕೊಳ್ಳುತ್ತಾರೆ. ಸ್ಟುಡಿಯೋದವನ ದನಿ: "ಹೇಳ್ರಿ ಯಜಮಾನ್ರೇ, ಮಗಳಿಗೆ ಎರಡ್ ಮಾತು." ಅವರು, "ಏನ್ ಹೇಳದಪ್ಪ" ಎಂದು ನಗುತ್ತಾರೆ. ಮಗಳ ಕಡೆ ತಿರುಗುತ್ತಾರೆ. "ನೋಡವ್ವ," ಎನ್ನುತ್ತಾರೆ. ಅಲ್ಲಿಗೆ ಮುಗಿಯುತ್ತದೆ.

ಈ ಸಲ ನಾನೇ ಫೋನ್ ಮಾಡಿದೆ. ಮತ್ತೋಡಿಗೆ ಹೋಗುವ ದಾರಿಯಲ್ಲಿ ಗಂಡ ಹೆಂಡತಿ ಇಬ್ಬರೂ ಬಂದರು. ಗಂಡ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸಕ್ಕಿದ್ದವನು, ನಗುಮುಖದವನು. ಅವನಲ್ಲಿ ಕೆಟ್ಟದ್ದೇನೂ ನನಗೆ ಕಾಣಲಿಲ್ಲ. ಅದನ್ನೂ ಇಲ್ಲಿ ಬರೆದಿಡಬೇಕು.

ಹಾಕಿದೆ. ನೋಡವ್ವ ಎಂದದ್ದಕ್ಕೆ ಅವಳ ಕೈ ತಾನಾಗಿ ಬಾಯಿಗೆ ಹೋಯಿತು. ಚಿತ್ರ ನಿಂತಿತು.

"ಮುಂದೆ?"

"ಅಷ್ಟೇ ಬಂದಿದ್ದು."

"ಫ್ಯಾನು ಕಟ್ ಮಾಡ್ತಂತಲ್ಲ," ಎಂದ ಗಂಡ. "ಹೋಗ್ಲಿ ಬಿಡೇ, ಮುಂದೇನಂದ್ರು ಅಂತ ನಂಗೊತ್ತು. ನಾನೂ ಅಲ್ಲೇ ಇದ್ನಲ್ಲ. ಹೊಂದ್ಕಂಡ್ ಹೋಗವ್ವ, ಇನ್ಮೇಲೆ ಅದೇ ನಿನ್ನ ಮನೆ, ಅಂದ್ರು."

"ಹಂಗನ್ಲಿಲ್ಲ," ಎಂದಳು ಅವಳು. "ಸರಿ ಬರ್ಲಿಲ್ಲ ಅಂದ್ರೆ ಬಂದ್ಬಿಡು, ಯಾರ್ನೂ ಕೇಳ್ಬೇಡ, ಅಂದ."

"ಏ, ಮದ್ವೆ ಮನೇಲಿ ನಿಂತ್ಕಂಡು ಯಾವ ಅಪ್ಪನಾದ್ರೂ ಹಂಗಂತಾನಾ?" ಅವನು ನಕ್ಕ. "ಮೇಡಂ, ನೀವೇ ಹೇಳ್ರಿ."

ಇಬ್ಬರೂ ನನ್ನನ್ನು ನೋಡಿದರು. ಅವಳು ಮೂರು ತಿಂಗಳು ಹೊತ್ತು ತಿರುಗಿದ್ದು ಈ ಮಾತನ್ನು. ಮೊದಲ ದಿನ ನಾನು ಕೇಳಿದ್ದರೆ ಹೇಳುತ್ತಿದ್ದಳು. ಕೇಳಿದ್ದರೆ ಗಾಳಿ ಕಾಯುತ್ತಾ ಕೂರುತ್ತಿರಲಿಲ್ಲ ಎಂದು ಬರೆಯಬಹುದು. ಅದೂ ನಿಜವೋ ಅಲ್ಲವೋ.

ಗಂಡ ಬಸ್ಸು ವಿಚಾರಿಸಲು ಕೆಳಗೆ ಹೋದ. ನಾನು ಅವಳಿಗೆ ಹೇಳಿಬಿಟ್ಟೆ. ಫ್ಯಾನು ಅಲ್ಲ, ಗಾಳಿ ಅಲ್ಲ, ನನ್ನ ಹಳೆಯ ಪ್ರೋಗ್ರಾಂ, ಹತ್ತು ನಿಮಿಷದ ಕೆಲಸ, ನಾನು ನೋಡಲಿಲ್ಲ ಎಂದೆ. ಎಲ್ಲ.

"ಎಂಟು ದಿನ ಮೇಲ್ ಹತ್ತಿ ಹತ್ತಿ ಇಳಿದು ಬರೀ ಆ ಫ್ಯಾನ್ನಾ ಮೇಡಂ ನೀವು ನೋಡಿದ್ದು?" ಎಂದಳು.

"ಅವರು ಬಂದ್ಮೇಲೆ ಅವರಿಗೂ ಹೇಳ್ತೀನಿ."

"ಬ್ಯಾಡ." ತಟ್ಟನೆ ಅಂದಳು. "ಪೂರ್ತಿ ಹೋಯ್ತು ಅಂತ ಹೇಳ್ಬೇಡ್ರಿ ಅವರಿಗೆ. ಎಲ್ಲೋ ಒಂದ್ಕಡೆ ಐತೆ, ಯಾವತ್ತಾದ್ರೂ ಸಿಗ್ತದೆ ಅಂತಿರ್ಲಿ. ಅಲ್ಲೀ ತಂಕ ಅಪ್ಪ ಹಂಗೇ ಅಂದಿದ್ದು ಅಂತ ಗಟ್ಟಿಯಾಗಿ ಹೇಳಕ್ಕೆ ಅವ್ರಿಗೂ ಆಗಲ್ಲ."

ಮೆಟ್ಟಿಲಿನಲ್ಲಿ ಚಪ್ಪಲಿಯ ಸದ್ದು. ಅವನು ಬಾಗಿಲಲ್ಲಿ ನಿಂತು, ಬಸ್ಸು ಬಂತು ನಡಿ ಎಂದ. ಆಮೇಲೆ ನನ್ನ ಕಡೆ ತಿರುಗಿ, "ಉಳ್ದಿದ್ದು ಇನ್ನು ಸಿಗೋದೇ ಇಲ್ವಾ ಮೇಡಂ?" ಎಂದು ಕೇಳಿದ.

"ಹುಡುಕ್ತಾ ಇದೀನಿ," ಎಂದೆ.

ಅವಳು ನನ್ನ ಕಡೆ ನೋಡದೆ ಇಳಿದುಹೋದಳು. ಆ ಸುಳ್ಳನ್ನು ನಾನು ಅವಳಿಗಾಗಿ ಹೇಳಿದೆನೋ, ಅವನೆದುರು ಇನ್ನೊಮ್ಮೆ ಒಪ್ಪಿಕೊಳ್ಳುವುದು ತಪ್ಪಿತಲ್ಲ ಎಂದು ಹೇಳಿದೆನೋ, ಈಗ ಎಷ್ಟು ಸಲ ಬರೆದು ಹೊಡೆದುಹಾಕಿದರೂ ತಿಳಿಯುತ್ತಿಲ್ಲ.